ಬಾಗಿಲ ಮುಂದೆ ಒಂದು ಕೆಮ್ಮು

ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ; ಮನೆಯೊಳಗೆ ಯಾರೂ ಇಲ್ಲವೆಂಬುದು ನನಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಆದರೂ ಪ್ರತಿದಿನ ಸಂಜೆ ಪುತ್ತೂರು ಪೇಟೆಗೊಂದು ಸುತ್ತು ಹಾಕಿ, ಒಬ್ಬನಿಗೆ ಸಾಕಾಗುವಷ್ಟು ತರಕಾರಿಯನ್ನು ಚೀಲದಲ್ಲಿ ತೂಗಾಡಿಸುತ್ತ ಮರಳಿ, ಮೆಟ್ಟಿಲೇರಿ ಬಾಗಿಲ ಮುಂದೆ ನಿಂತಾಗ ನಾನು ಒಮ್ಮೆ ಕೆಮ್ಮುತ್ತೇನೆ. ಅದು ತಾನಾಗಿ ಬರುವ ಕೆಮ್ಮಲ್ಲ, ನಾನಾಗಿ ತರಿಸಿಕೊಳ್ಳುವ ಕೆಮ್ಮು. ಪಕ್ಕದ ಮನೆಯ ಕರುಣಾಮಯಿ ಹೆಂಗಸೊಬ್ಬರು ಹಲವು ದಿನ ಇದನ್ನು ಕೇಳಿಸಿಕೊಂಡು, ಒಂದು ಸಂಜೆ ಶುಂಠಿ ಮತ್ತು ಕರಿಮೆಣಸಿನ ಕಷಾಯವನ್ನೇ ಲೋಟದಲ್ಲಿ ಮುಚ್ಚಿ ತಂದುಕೊಟ್ಟರು. ಇಲ್ಲದ ರೋಗಕ್ಕೆ ಇರುವ ಮದ್ದನ್ನು ಸವಿನಯವಾಗಿ ಕುಡಿದು, ಅದರ ಖಾರಕ್ಕೆ ನಿಜವಾದ ಕೆಮ್ಮು ಹತ್ತಿಸಿಕೊಂಡು, ಆ ರಾತ್ರಿ ಬಹಳ ಹೊತ್ತು ಕೆಮ್ಮಿದೆ.

ಕೆಮ್ಮಿನಲ್ಲಿ ವ್ಯಾಧಿಯದ್ದೇ ಬೇರೆ, ವಿನಯದ್ದೇ ಬೇರೆ. ವೈದ್ಯಶಾಸ್ತ್ರ ಮೊದಲನೆಯದನ್ನು ಮಾತ್ರ ಬಲ್ಲದು. ಎರಡನೆಯದನ್ನು ಬಲ್ಲವರು ನಮ್ಮ ಹಿರಿಯರು. ಬಚ್ಚಲುಮನೆಗೆ ಚಿಲಕವಿಲ್ಲದ ಕಾಲದಲ್ಲಿ ಇಡೀ ಕುಟುಂಬದ ಮಾನವನ್ನು ಕಾಪಾಡಿದ್ದು ಕೆಮ್ಮು. ಹೆಂಗಸರು ಕಾಲು ಚಾಚಿ ಕುಳಿತು ಯಾರನ್ನೋ ಆಡಿಕೊಳ್ಳುತ್ತಿರುವ ಅಡುಗೆಮನೆಗೆ ನನ್ನ ಅಪ್ಪ ನೇರವಾಗಿ ನುಗ್ಗಿದ್ದನ್ನು ನಾನು ಕಂಡದ್ದಿಲ್ಲ. ಮೊದಲು ಅವರ ಕೆಮ್ಮು ಒಳಗೆ ಹೋಗುತ್ತಿತ್ತು, ಸೆರಗುಗಳು ಸರಿಯಾಗುತ್ತಿದ್ದವು, ಮಾತಿನ ವಿಷಯ ಬದಲಾಗುತ್ತಿತ್ತು, ಆಮೇಲೆ ಅಪ್ಪ ಹೋಗುತ್ತಿದ್ದರು. ಕರೆಂಟು ಹೋದರೂ ಕೆಡದ, ಕಿಡಿಗೇಡಿ ಮಕ್ಕಳು ಒತ್ತಿ ಓಡಿಹೋಗಲಾರದ ಕರೆಗಂಟೆ ಇದು. ನಾನು ವ್ಯಾಕರಣ ಪಾಠ ಮಾಡಿ ನಿವೃತ್ತನಾದವನಾದ್ದರಿಂದ ಇದನ್ನು ಅವ್ಯಯಗಳ ಸಾಲಿಗೆ ಸೇರಿಸಬೇಕೆಂದು ಬಹುಕಾಲದಿಂದ ಯೋಚಿಸಿದ್ದೇನೆ. ಲಿಂಗ, ವಚನ, ವಿಭಕ್ತಿ ಯಾವುದೂ ಅದನ್ನು ಬಾಧಿಸುವುದಿಲ್ಲ.

ನಮ್ಮ ಮನೆಯ ಬಾಗಿಲಿಗೂ ಒಂದು ವಿದ್ಯುತ್ ಗಂಟೆಯುಂಟು. ಹಕ್ಕಿಯಂತೆ ಕೂಗುವ ಅದನ್ನು ಬಹಳ ಹುಡುಕಾಡಿ ತಂದು ಹಾಕಿಸಿದವನು ನಾನೇ, ಒಂದು ದಿನವೂ ಒತ್ತದವನೂ ನಾನೇ. ನನ್ನ ಹೆಂಡತಿ ಜಲಜಾಕ್ಷಿ ಬಾಗಿಲು ತೆರೆಯುತ್ತ, "ಈ ಬೆಲ್ಲು ಯಾರಿಗೆ ಹಾಕ್ಸಿದ್ದು ಇವ್ರೇ, ಭಿಕ್ಷುಕರಿಗಾ?" ಎಂದು ಕೇಳುತ್ತಿದ್ದಳು. ಅವಳಿಗೆ ನನ್ನ ಕೆಮ್ಮಿನ ಸಮಗ್ರ ನಿಘಂಟು ಬಾಯಿಪಾಠವಾಗಿತ್ತು. ಮೀನು ತಂದ ಕೆಮ್ಮು, ಜೊತೆಗೆ ಅನಿರೀಕ್ಷಿತ ಅತಿಥಿಯನ್ನು ತಂದ ಕೆಮ್ಮು, ಸ್ಟಾಫ್ ರೂಮಿನಲ್ಲಿ ಯಾರೊಂದಿಗೋ ಜಗಳವಾಡಿ ಸೋತ ಕೆಮ್ಮು, ಇವೆಲ್ಲವನ್ನೂ ಬಾಗಿಲು ತೆರೆಯುವ ಮೊದಲೇ ಅರ್ಥಮಾಡಿಕೊಂಡಿರುತ್ತಿದ್ದಳು. ಅವಳಿಗೆ ಸಂಜೆಯ ಚಾ ಎಂದರೆ ಪ್ರಾಣ. ಆದರೆ ಲೋಟವನ್ನು ತುಟಿಗಿಡುವುದಕ್ಕೂ ನಾನು ಹೊರಗೆ ಕೆಮ್ಮುವುದಕ್ಕೂ ಅದೇನೋ ಗ್ರಹಗತಿಯ ಸಂಬಂಧ. ಅವಳು ಎದ್ದು ಬರುತ್ತಿದ್ದಳು. ಮತ್ತೆ ನನ್ನ ಚಾ, ನನ್ನ ಮಾತು, ನನ್ನ ಚೀಲ. ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಲೋಟ ಕೆನೆಗಟ್ಟಿ ತಣ್ಣಗೆ ಕುಳಿತಿರುತ್ತಿತ್ತು. ನಮಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಕೆಮ್ಮಲು ನಾನು, ಕೇಳಲು ಅವಳು, ಅಷ್ಟೇ ಇದ್ದದ್ದು. ಕಳೆದ ವರ್ಷ ಅವಳು ತೀರಿಕೊಂಡಳು.

ಕ್ಷಮಿಸಿ, ಲಘುವಾಗಿ ಹೊರಟ ಮಾತು ಇಷ್ಟು ಬೇಗ ಅಲ್ಲಿಗೆ ಬರಬಾರದಿತ್ತು. ಸ್ವಲ್ಪ ಕಾಲೇಜಿನ ಕಡೆಗೆ ಹೋಗಿಬರೋಣ. ಅಲ್ಲಿ ನನ್ನ ಕೆಮ್ಮಿಗೆ ಪಾಠಕ್ಕಿಂತ ಹೆಚ್ಚಿನ ಖ್ಯಾತಿಯಿತ್ತು. ತರಗತಿಗೆ ಪ್ರವೇಶಿಸುವ ಮುನ್ನ ಓಣಿಯಲ್ಲೇ ಒಮ್ಮೆ ಕೆಮ್ಮಿ, ಮೇಜಿನ ಮೇಲೆ ಕುಳಿತವರು ಬೆಂಚಿಗೆ ಇಳಿಯುವಷ್ಟು ಅವಕಾಶ ಕೊಟ್ಟು ನಾನು ಒಳಹೋಗುತ್ತಿದ್ದೆ. ಕಡಬದ ಹಮೀದ್ ಎಂಬ ಶಿಷ್ಯೋತ್ತಮನೊಬ್ಬ ಈ ಕೆಮ್ಮನ್ನು ಕರಗತ, ಅಲ್ಲ, ಕಂಠಗತ ಮಾಡಿಕೊಂಡಿದ್ದ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅವನು ಪರದೆಯ ಹಿಂದಿನಿಂದ ಕೆಮ್ಮಿದಾಗ ಮುಂದಿನ ಸಾಲಿನಲ್ಲಿದ್ದ ಪ್ರಾಂಶುಪಾಲರು ನನಗಾಗಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ನಾನು ಆ ಹೊತ್ತಿಗೆ ಅವರ ಪಕ್ಕದಲ್ಲೇ ಕುಳಿತಿದ್ದೆ. ಹಮೀದ್ ಈಗ ಪ್ರವಾಸದ ಏಜೆನ್ಸಿ ನಡೆಸುತ್ತಾನೆ. ಒಂದು ತಂಡವನ್ನು ಮೆಕ್ಕಾಕ್ಕೂ ಇನ್ನೊಂದು ತಂಡವನ್ನು ಯುರೋಪಿಗೂ ಕರೆದೊಯ್ದು, ಎರಡೂ ಕಡೆ ಯಾರನ್ನೂ ಕಳೆದುಕೊಳ್ಳದೆ ಮರಳಿ ತರುತ್ತಾನೆ. ಈ ಯಶಸ್ಸಿನಲ್ಲಿ ನನ್ನ ಕೆಮ್ಮಿನ ಪಾಲೂ ಇದೆಯಂತೆ: ಚದುರಿದ ಪ್ರವಾಸಿಗರನ್ನು ಒಟ್ಟುಗೂಡಿಸಲು ಬಾವುಟ ಎತ್ತುವ ಬದಲು ಅವನು ಜೋರಾಗಿ ಕೆಮ್ಮುತ್ತಾನೆ. ಪುತ್ತೂರು, ಸುಳ್ಯದ ಜನ ಯಾವ ದೇಶದಲ್ಲಿದ್ದರೂ ತಿರುಗಿ ನೋಡುತ್ತಾರೆ.

ಕೊರೋನಾ ಬಂದ ವರ್ಷಗಳಲ್ಲಿ ಈ ಸಭ್ಯ ಸಂಪ್ರದಾಯಕ್ಕೆ ದೊಡ್ಡ ಕುತ್ತು ಬಂದಿತ್ತು. ಬಸ್ಸಿನಲ್ಲಿ ಒಮ್ಮೆ ಗಂಟಲು ಸರಿಮಾಡಿಕೊಂಡದ್ದಕ್ಕೆ ನನ್ನ ಸುತ್ತಲಿನ ಸೀಟುಗಳೆಲ್ಲ ಖಾಲಿಯಾಗಿ, ಆಲಂಕಾರಿನವರೆಗೆ ಮಹಾರಾಜನಂತೆ ಒಬ್ಬನೇ ಪ್ರಯಾಣಿಸಿದ್ದೆ. ಆಗ ಆ ಏಕಾಂತ ನನಗೆ ತಮಾಷೆಯಾಗಿ ಕಂಡಿತ್ತು. ಮನೆಗೆ ಬಂದು ಜಲಜಾಕ್ಷಿಗೆ ಅದನ್ನೇ ಬಣ್ಣಿಸಿ ಬಣ್ಣಿಸಿ ಹೇಳಿದೆ. ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಿದ್ದರೆ ಎಂಥ ಒಂಟಿತನವೂ ಒಂದು ಕಥೆಯಾಗುತ್ತದೆ.

ಈಗ ನಾನು ಹೇಳಹೊರಟ ಕೆಮ್ಮಿಗೆ ಬರುತ್ತೇನೆ. ಸುಳ್ಯದ ಕಡೆಯ ನಮ್ಮ ಗೌಡ ಮನೆತನಗಳಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮವುಂಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅನ್ನ, ಕೋಳಿ ಸಾರು, ರೊಟ್ಟಿ, ಇದ್ದಾಗ ಅವರವರು ಇಷ್ಟಪಡುತ್ತಿದ್ದ ತಿನಿಸುಗಳನ್ನು ಬಡಿಸಿ, ಕೈಮುಗಿದು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಒಳಗೆ ಅವರು ಉಣ್ಣುವ ಹೊತ್ತು ಅದು. ಸ್ವಲ್ಪ ಸಮಯ ಕಳೆದ ಮೇಲೆ ಮನೆಯ ಹಿರಿಯ ಗಂಡಸು ಬಾಗಿಲ ಮುಂದೆ ನಿಂತು ಕೆಮ್ಮಬೇಕು. ಕೆಮ್ಮಿದ ಕೂಡಲೇ ತೆರೆಯುವಂತಿಲ್ಲ. ಪಕ್ಕಕ್ಕೆ ಸರಿದು, ದಾರಿ ಬಿಟ್ಟು, ಕಾಯಬೇಕು. ಉಂಡವರು ಎದ್ದು ಹೋಗಲಿಕ್ಕೆ ಹೊತ್ತು ಬೇಕಲ್ಲ. ನಾವು ಮಕ್ಕಳು ಬಾಗಿಲ ಸಂದಿಯಲ್ಲಿ ಇಣುಕಲು ಮುಗಿಬೀಳುತ್ತಿದ್ದಾಗ ಅಜ್ಜಿ ನಮ್ಮ ತೋಳು ಹಿಡಿದೆಳೆದು, "ದಾರಿಗೆ ಅಡ್ಡ ನಿಲ್ಬೇಡಿ ಮಕ್ಕಳೇ, ಅವರು ಹೋಗುದು ಹೇಗೆ?" ಎಂದು ಗದರುತ್ತಿದ್ದರು. ಆಮೇಲೆ ಬಾಗಿಲು ತೆರೆದು, ಆ ಎಲೆಗಳಲ್ಲಿದ್ದದ್ದನ್ನೇ ನಾವೆಲ್ಲ ಹಂಚಿಕೊಂಡು ಉಣ್ಣುತ್ತಿದ್ದೆವು.

ಅಜ್ಜ, ಅಪ್ಪ, ಕೊನೆಗೆ ಅಣ್ಣ, ಹೀಗೆ ಕೆಮ್ಮುವ ಅಧಿಕಾರ ಒಬ್ಬರಿಂದೊಬ್ಬರಿಗೆ ದಾಟಿ, ಅವರೊಬ್ಬೊಬ್ಬರೂ ಬಾಗಿಲ ಹೊರಗಿನಿಂದ ಒಳಗಿನ ಎಲೆಗೆ ವರ್ಗವಾದ ಮೇಲೆ ನನ್ನ ಪಾಲಿಗೆ ಬಂದಿತ್ತು. ನಂಬಿಕೆಯ ಮಾತು ಕೇಳುವಿರಾದರೆ, ನಾನು ಅರೆನಂಬಿಕೆಯವನು. ಅಧ್ಯಾಪಕನ ಬುದ್ಧಿಯಿಂದ ಪ್ರತಿವರ್ಷ ಎಲೆಗಳನ್ನು ಪರೀಕ್ಷಿಸಿದ್ದೇನೆ. ಒಂದು ಅಗುಳೂ ಜರುಗಿರುವುದಿಲ್ಲ. ರೊಟ್ಟಿಯ ಅಂಚು ಮುರಿದಿರುವುದಿಲ್ಲ. ಅಪ್ಪನ ಎಲೆ ಹಾಗೇ ಇದ್ದಾಗಲೂ ನನಗೆ ಬೇಸರವಾಗಿರಲಿಲ್ಲ. ಅವರು ಬದುಕಿದ್ದಾಗಲೂ ನಾವು ಬಡಿಸಿದ್ದನ್ನು ಮೆಚ್ಚಿದವರಲ್ಲ ಎಂದು ಅತ್ತಿಗೆಯ ಕಿವಿಯಲ್ಲಿ ಹೇಳಿ ಬೈಸಿಕೊಂಡಿದ್ದೆ.

ಈ ವರ್ಷ ಆ ಸಾಲಿಗೆ ಜಲಜಾಕ್ಷಿಯ ಎಲೆ ಸೇರುವುದಿತ್ತು. ನಾನು ಕೆಮ್ಮಬೇಕಿತ್ತು, ಸರಿದು ನಿಲ್ಲಬೇಕಿತ್ತು, ಬಾಗಿಲು ತೆರೆಯಬೇಕಿತ್ತು, ತೆರೆದು ಆ ಎಲೆಯನ್ನು ನೋಡಬೇಕಿತ್ತು. ಅದು ಹಾಗೇ ಇರುತ್ತದೆಂದು ನನಗೆ ಗೊತ್ತಿತ್ತು. ಅವಳು ಇನ್ನಿಲ್ಲವೆಂದು ಆಸ್ಪತ್ರೆಯಲ್ಲಿ ಆಗದ ಖಾತ್ರಿ, ಚಿತೆಯ ಮುಂದೆಯೂ ಆಗದ ಖಾತ್ರಿ, ಆ ಬಾಗಿಲು ತೆರೆದ ಕ್ಷಣಕ್ಕೆ ಆಗಿಬಿಡುತ್ತದೆಂದು ನಾನು ಹೆದರಿದೆ. ಇಷ್ಟು ದೊಡ್ಡ ಭಯವನ್ನು ಅಷ್ಟು ಜನರ ಮುಂದೆ ಹೊತ್ತು ನಿಲ್ಲುವ ಧೈರ್ಯ ನನ್ನಲ್ಲಿರಲಿಲ್ಲ.

ಆಗ ನೆನಪಾದವನು ಹಮೀದ್. ಎರಡು ವರ್ಷಗಳ ಹಿಂದೆ ಅವನ ಯುರೋಪ್ ತಂಡಕ್ಕೆ ಹೆಸರು ಕೊಡಿಸಿದ್ದವಳು ಜಲಜಾಕ್ಷಿಯೇ. ಅವಳ ಕಾಯಿಲೆಯಿಂದ ಅದು ಮುಂದೆ ಹೋಗಿ, ಆಮೇಲೆ ಅರ್ಥವನ್ನೇ ಕಳೆದುಕೊಂಡಿತ್ತು. ಈ ಸಲ ತಂಡ ಹೊರಡುವ ದಿನಗಳು ನಮ್ಮ ಬಡಿಸುವ ದಿನದ ಮೇಲೆಯೇ ಬಿದ್ದಿದ್ದವು. "ಅವಳ ಆಸೆಯಾಗಿತ್ತು, ಹೋಗಿಬರುತ್ತೇನೆ" ಎಂದು ಎಲ್ಲರೆದುರು ಹೇಳಿದೆ. ಕೆಮ್ಮುವ ಕೆಲಸವನ್ನು ಅಣ್ಣನ ಮಗ ದಿನೇಶನಿಗೆ ವಹಿಸಿದೆ. ಮನುಷ್ಯರು ಬೇರೆ ಬೇರೆ ಉದ್ದೇಶಗಳಿಂದ ಯುರೋಪಿಗೆ ಹೋಗುತ್ತಾರೆ. ಸುಳ್ಯದ ಒಂದು ಮರದ ಬಾಗಿಲಿನಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋದವನು ಬಹುಶಃ ನಾನೊಬ್ಬನೇ.

ಪ್ರವಾಸದ ವರ್ಣನೆಯಿಂದ ನಿಮ್ಮನ್ನು ಪೀಡಿಸುವುದಿಲ್ಲ. ಬಸ್ಸಿನಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಕುಳಿತಿದ್ದರು. ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಮೊದಲ ದಿನ ಎಲ್ಲರೂ ಸಂಕೋಚದಿಂದ ಆ ಸೀಟಿನತ್ತ ನೋಡದೆ ದಾಟಿಹೋದರು. ಎರಡನೆಯ ದಿನ ತಂಡದಲ್ಲಿದ್ದ ಸುಂದರ ಗೌಡರ ಹೆಂಡತಿ ಯಶೋದಕ್ಕ, "ಇಲ್ಲಿ ಇಡ್ಬಹುದಾ ಮಾಷ್ಟ್ರೇ?" ಎಂದು ಕೇಳಿ ಹಪ್ಪಳದ ಡಬ್ಬವನ್ನಿಟ್ಟರು. ಅದರ ಮೇಲೆ ಯಾರದೋ ಸ್ವೆಟರು ಬಂತು, ಉಪ್ಪಿನಕಾಯಿಯ ಬಾಟಲಿ ಬಂತು, ಹಮೀದನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಂತು. ಆಲ್ಪ್ಸ್ ಪರ್ವತಗಳನ್ನು ನಾನು ದಾಟಿದ್ದು ಒಂದು ಜಿನಸಿ ಅಂಗಡಿಯ ಪಕ್ಕದಲ್ಲಿ ಕುಳಿತು. ಹಸಿವಾದವರೆಲ್ಲ ನನ್ನ ಬಳಿಗೆ ಬರುತ್ತಿದ್ದುದರಿಂದ ಎಲ್ಲರ ಪರಿಚಯವಾಯಿತು, ನಕ್ಕದ್ದೂ ಆಯಿತು. ಆದರೂ ಹಿಮದ ಶಿಖರ ಕಂಡಾಗಲೆಲ್ಲ ನಾನು "ನೋಡು" ಎಂದು ಆ ಕಡೆ ತಿರುಗುತ್ತಿದ್ದೆ. ಅಲ್ಲಿ ಹಪ್ಪಳದ ಡಬ್ಬ ಇರುತ್ತಿತ್ತು.

ವಿಯೆನ್ನಾ ತಲುಪಿದ ಮರುದಿನ ಮಧ್ಯಾಹ್ನ ತಂಡಕ್ಕೆ ಬಿಡುವು. ಎಲ್ಲರೂ ಚಾಕೊಲೇಟು ಕೊಳ್ಳಲು ಹೊರಟರು. ಆ ಊರಿನ ಅಂಚಿನಲ್ಲಿ ಒಂದು ಮಹಾಸ್ಮಶಾನವಿದೆ, ಅದರ ನಡುವೆ ನೂರು ವರ್ಷ ದಾಟಿದ ಒಂದು ಭವ್ಯ ಚರ್ಚಿದೆ, ನೋಡಲೇಬೇಕಾದದ್ದು ಎಂದು ಸ್ಥಳೀಯ ಗೈಡ್ ಹೇಳಿದ್ದಳು. ನಾನು ಅಲ್ಲಿಗೆ ಹೋಗುತ್ತೇನೆಂದಾಗ ಸಣ್ಣದೊಂದು ಗಲಿಬಿಲಿಯಾಯಿತು. "ಸ್ಮಶಾನ ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಾ ಮಾರಾಯ್ರೆ?" ಎಂದರು ಸುಂದರ ಗೌಡರು. ಯಶೋದಕ್ಕನ ಚಿಂತೆ ಇನ್ನೂ ಪ್ರಾಯೋಗಿಕವಾಗಿತ್ತು: "ಬಂದವರು ಸೀದಾ ಬಚ್ಚಲಿಗೆ ಹೋಗಿ ಮಾಷ್ಟ್ರೇ. ತಲೆಗೇ ಮೀಯ್ಬೇಕು. ಮೀಯದೆ ಆ ಹಪ್ಪಳದ ಡಬ್ಬ ಮುಟ್ಲಿಕ್ಕಿಲ್ಲ." ಹಮೀದ್ ಮಾತ್ರ ನನಗೊಂದು ಟ್ರಾಮ್ ಟಿಕೇಟು ತಂದುಕೊಟ್ಟ. "ಫೋನ್ ಚಾರ್ಜ್ ಉಂಟಲ್ಲ ಸರ್?" ಎಂದು ಕೇಳಿ, ಉಂಟೆಂದ ಮೇಲೂ ತೆಗೆದು ನೋಡಿಯೇ ಬಿಟ್ಟ.

ಟ್ರಾಮು ಊರನ್ನು ಕೊನೆಯವರೆಗೆ ಸೀಳಿಕೊಂಡು ಹೋಗಿ ನನ್ನನ್ನು ಒಂದು ದೊಡ್ಡ ದ್ವಾರದ ಮುಂದೆ ಇಳಿಸಿತು. ಒಳಗೆ ಹೋದರೆ ಅದು ಸ್ಮಶಾನವೆನ್ನುವುದಕ್ಕಿಂತ ಒಂದು ತಾಲೂಕು. ಸತ್ತವರ ನಡುವೆ ಬಸ್ಸು ಓಡುತ್ತಿತ್ತು, ಅದಕ್ಕೆ ನಿಲ್ದಾಣಗಳಿದ್ದವು. ಇಕ್ಕೆಲದಲ್ಲಿ ಮರಗಳು, ಮರಗಳಡಿಯಲ್ಲಿ ಕಲ್ಲುಗಳು, ಕಲ್ಲುಗಳ ಮೇಲೆ ಹೆಸರುಗಳು, ಹೆಸರುಗಳ ಪಕ್ಕದಲ್ಲಿ ಗಂಡನಿಗೋ ಹೆಂಡತಿಗೋ ಕಾದಿರಿಸಿದ ಖಾಲಿ ಜಾಗ. ನಮ್ಮಲ್ಲಿ ಹೀಗಿಲ್ಲ. ನಾವು ನಮ್ಮದೇ ಜಾಗದ ಒಂದು ಮೂಲೆಯಲ್ಲಿ ಸುಟ್ಟು, ಅಲ್ಲೊಂದು ಸಸಿ ನೆಟ್ಟು ಬರುತ್ತೇವೆ. ಅದು ಮರವಾಗುವ ಹೊತ್ತಿಗೆ ಯಾರ ಮರವೆಂದು ಹೇಳಬಲ್ಲವರೂ ಹೋಗಿರುತ್ತಾರೆ. ಇಲ್ಲಿ ಒಬ್ಬೊಬ್ಬರಿಗೂ ವಿಳಾಸ. ಬೇಸಿಗೆಯ ಬಿಸಿಲಿನಲ್ಲಿ ಆ ನೀಳ ದಾರಿಯಲ್ಲಿ ನಡೆಯುವಾಗ ಇಷ್ಟೊಂದು ಅಪರಿಚಿತ ಹೆಸರುಗಳನ್ನು ಓದಿ ಓದಿ ನನ್ನ ಹೆಸರೇ ನನಗೆ ಅಪರಿಚಿತವಾದಂತಾಯಿತು. ನನ್ನನ್ನು ಹೆಸರು ಹಿಡಿದು ಕರೆಯುವವರು ಆ ಭೂಖಂಡದಲ್ಲೇ ಇರಲಿಲ್ಲ. ಅಷ್ಟು ಒಂಟಿತನವನ್ನು ನಾನು ಪುತ್ತೂರಿನ ಮನೆಯಲ್ಲೂ ಅನುಭವಿಸಿರಲಿಲ್ಲ.

ದಾರಿಯ ಕೊನೆಯಲ್ಲಿ ಇಗರ್ಜಿ ಎದ್ದು ನಿಂತಿತ್ತು. ಬಿಳಿಯ ಗೋಡೆ, ಮೇಲೆ ಹಸಿರು ಕಿಲುಬಿನ ದೊಡ್ಡ ಗುಮ್ಮಟ. ಅಗಲವಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಚಪ್ಪಲಿ ಬಿಡುವ ಜಾಗವನ್ನು ಸುತ್ತಲೂ ಹುಡುಕಿ, ಕಾಣದೆ, ಶೂಗಳ ಸಮೇತ ಅಪರಾಧಿಯಂತೆ ಬಾಗಿಲ ಬಳಿಗೆ ಹೋದೆ. ಬಾಗಿಲು ಮುಚ್ಚಿತ್ತು. ಎತ್ತರದ, ಭಾರದ, ಕಪ್ಪುಮರದ ಬಾಗಿಲು. ಹೊರಗೆ ಸತ್ತವರು, ಒಳಗೆ ಏನಿದೆಯೋ ತಿಳಿಯದು, ನಡುವೆ ನಾನು. ಎಷ್ಟು ದೂರ ಓಡಿಬಂದೆನಲ್ಲ, ಕೊನೆಗೂ ಬಂದು ನಿಂತದ್ದು ಇಂಥದೇ ಒಂದು ಬಾಗಿಲ ಮುಂದೆ.

ಅದೇ ಹೊತ್ತಿಗೆ ಫೋನು ಬಡಿಯಿತು. ಪರದೆಯ ಮೇಲೆ ಮೊದಲು ಕಂಡದ್ದು ಒಂದು ತೊಲೆ, ಆಮೇಲೆ ಒಂದು ಹಣೆ. ನಮ್ಮ ಅತ್ತಿಗೆ. ನಾನು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಅಣ್ಣನ ಕೈಹಿಡಿದು ಬಂದವರು, ಈಗಲೂ ನನ್ನನ್ನು ಆ ಚಡ್ಡಿಯಲ್ಲೇ ಕಾಣುವವರು. ವಿಯೆನ್ನಾದಲ್ಲಿ ಉರಿಬಿಸಿಲಾದರೆ ಅವರ ನಡುಮನೆಯಲ್ಲಿ ಆಗಲೇ ಸಂಜೆಗತ್ತಲೆಯಾಗಿತ್ತು. ಅವರು ಮಾತಾಡಿದ್ದು ಸುಳ್ಯದ ಗೌಡರ ಮನೆಮಾತಾದ ನಮ್ಮ ಅರೆಭಾಷೆಯಲ್ಲಿ. ನಿಮಗಾಗಿ ಅದನ್ನು ಪೂರ್ತಿ ಭಾಷೆಗೆ ತರುವಾಗ ಅರ್ಧ ರುಚಿ ಸೋರಿಹೋಗಿದೆ.

"ವಾಸು, ಬಡಿಸಿ ಬಾಗಿಲು ಹಾಕಿ ಆಯ್ತು. ಹೊತ್ತೂ ಆಯ್ತು. ಈಗ ನೀನು ಕೆಮ್ಮು."

"ಎಂತ ಅತ್ತಿಗೆ, ಫೋನಿನಲ್ಲಾ? ದಿನೇಶನಿಗೆ ಹೇಳಿದ್ದೇನಲ್ಲ."

"ಉಳಿದವರಿಗೆಲ್ಲ ಅವನು ಕೆಮ್ಮಿದರೆ ಸಾಕು. ಜಲಜಂಗೆ ಅವನ ಕೆಮ್ಮು ಗೊತ್ತುಂಟಾ? ಅವಳು ಇಷ್ಟು ವರ್ಷ ಎದ್ದು ಬಂದದ್ದು ನಿನ್ನ ಕೆಮ್ಮಿಗೆ. ನೀನು ಕೆಮ್ಮದೆ ಅವಳು ಅಲ್ಲಿಂದ ಏಳುದಿಲ್ಲ. ಪಾಪ, ಹಾಗೇ ಕೂತುಕೊಳ್ಳಲಿಕ್ಕುಂಟಾ ಅವಳು?"

ಫೋನನ್ನು ಅವರು ಬಾಗಿಲಿನತ್ತ ತಿರುಗಿಸಿದರು. ಎಣ್ಣೆ ಕುಡಿದು ಕಪ್ಪಾದ ಆ ಬಾಗಿಲು ನನ್ನ ಅಂಗೈಯಲ್ಲಿ ಸಣ್ಣದಾಗಿ ಕಂಡಿತು. ಅದರ ಹಿಂದೆ, ನನ್ನ ಕಣ್ಣೆದುರಿಗೆ, ಇನ್ನೊಂದು ದೊಡ್ಡದಾಗಿ. ನಾನು ಕೆಮ್ಮಲು ಹೋದೆ. ದಿನವೂ ಕೆಮ್ಮುವವನಿಗೆ, ಕೆಮ್ಮಿಯೇ ಹೆಸರು ಮಾಡಿದವನಿಗೆ, ಆ ಹೊತ್ತಿಗೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. "ಕೇಳುದಿಲ್ಲ" ಎಂದರು ಅತ್ತಿಗೆ. ನಾನು ಉಸಿರೆಳೆದುಕೊಂಡು ಕೆಮ್ಮಿದೆ. ಆ ಮೆಟ್ಟಿಲ ಮೇಲೆ, ಆ ಕಂಬಗಳ ನಡುವೆ ಅದು ಗುಡುಗಿತು. ಸುಳ್ಯದ ನಡುಮನೆಯಲ್ಲಿ ಸ್ಪೀಕರಿನಿಂದ ಹೊರಬಂದು, ಫೋನಿನ ಮೂಲಕ ನನಗೇ ಮರಳಿ ಕೇಳಿಸಿತು. ಅಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದ ಸದ್ದಾಯಿತು. ನಾನೂ ಯೋಚಿಸದೆ ಪಕ್ಕಕ್ಕೆ ಸರಿದೆ.

ನನ್ನ ಹಿಂದೆ ಒಬ್ಬ ವೃದ್ಧೆ ಬಂದು ನಿಂತದ್ದನ್ನು ನಾನು ಗಮನಿಸಿರಲಿಲ್ಲ. ಕೈಯಲ್ಲಿ ಗಿಡಗಳಿಗೆ ನೀರು ಹಾಕುವ ಹಸಿರು ಕ್ಯಾನು, ಬೆರಳುಗಳಿಗೆ ಅಂಟಿದ ಹಸಿಮಣ್ಣು. ಯಾರದೋ ಸಮಾಧಿಯ ಹೂಗಳಿಗೆ ನೀರೆರೆದು ಬಂದಂತಿತ್ತು. ತನಗೆ ದಾರಿ ಬಿಡಲೆಂದೇ ನಾನು ಸರಿದೆನೆಂದು ಭಾವಿಸಿದ ಆಕೆ ತಲೆಬಾಗಿ ವಂದಿಸಿ ಬಾಗಿಲ ಮೇಲೆ ಕೈಯಿಟ್ಟಳು. ನನಗೆ ಗಾಬರಿಯಾಯಿತು. "ನಿಲ್ಲಿ ಅಮ್ಮಾ, ಸ್ವಲ್ಪ ನಿಲ್ಲಿ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಆ ಕೂಗು ಯಾವ ಭಾಷೆಯದೆಂದು ಆಕೆಗೆ ತಿಳಿದಿರಲಾರದು. ಕೈ ಬಾಗಿಲ ಮೇಲೆ ಇದ್ದಂತೆಯೇ ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಫೋನನ್ನು ನೋಡಿದಳು, ಅದರಲ್ಲಿದ್ದ ಮುಚ್ಚಿದ ಬಾಗಿಲನ್ನು ನೋಡಿದಳು. ಏನು ಅರ್ಥವಾಯಿತೋ, ಕ್ಯಾನನ್ನು ಕೆಳಗಿಟ್ಟು, ಆ ಕೈಯಿಂದ ಚೀಲ ತಡಕಿ, ಕಾಗದ ಸುತ್ತಿದ ಒಂದು ಕೆಮ್ಮಿನ ಮಿಠಾಯಿ ತೆಗೆದು ನನ್ನ ಅಂಗೈಗಿಟ್ಟಳು. ಪುತ್ತೂರಿನ ಕಷಾಯಕ್ಕೂ ವಿಯೆನ್ನಾದ ಮಿಠಾಯಿಗೂ ನಾನು ಸಮಾನವಾಗಿ ಋಣಿ. ಹಾಗೆ ನಾವು ಕಾದೆವು, ಅತ್ತಿಗೆ ಅಲ್ಲಿ, ನಾವಿಬ್ಬರು ಇಲ್ಲಿ.

"ಸಾಕು" ಎಂದರು ಅತ್ತಿಗೆ. ಅಲ್ಲಿ ಚಿಲಕ ಸರಿದ ಸದ್ದು ಕೇಳಿಸಿತು. ನಾನು ವೃದ್ಧೆಗೆ ತಲೆಯಾಡಿಸಿದೆ, ಆಕೆ ತಳ್ಳಿದಳು. ಎರಡೂ ಬಾಗಿಲು ತೆರೆದವು.

ನೋಡಬಾರದೆಂದು ಇಷ್ಟು ದೂರ ಬಂದವನು ಆಗ ಕಣ್ಣು ಮುಚ್ಚಿಕೊಳ್ಳಬಹುದಿತ್ತು, ಫೋನು ಆರಿಸಬಹುದಿತ್ತು. ನೋಡಿದೆ. ದೀಪದ ಬೆಳಕಿನಲ್ಲಿ ಎಲೆಗಳ ಸಾಲು, ಕೊನೆಯಲ್ಲಿ ಹೊಸ ಎಲೆ. ಅನ್ನದ ಗುಪ್ಪೆ ಹಾಗೇ ಇತ್ತು. ರೊಟ್ಟಿ ಹಾಗೇ ಇತ್ತು. ಎಲೆಯ ಬಲಕ್ಕೆ ಒಂದು ಸ್ಟೀಲು ಲೋಟ. "ಚಾ ಇಟ್ಟಿದ್ದೇನೆ" ಎಂದರು ಅತ್ತಿಗೆ, "ಸಕ್ಕರೆ ಹಾಕಿಯೇ ಇಟ್ಟಿದ್ದೇನೆ. ಇನ್ನೆಂತ ಶುಗರ್ ಮಾರಾಯ ಅವಳಿಗೆ!" ಎಂದು ಫೋನನ್ನು ಲೋಟದ ಹತ್ತಿರಕ್ಕೆ ಒಯ್ದರು.

ಲೋಟ ತುಂಬಿತ್ತು. ಮೇಲೆ ಕೆನೆ ಕಟ್ಟಿತ್ತು.

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಪ್ರತಿ ಸಂಜೆ ಕುಳಿತಿರುತ್ತಿದ್ದ ಲೋಟವೇ ಅದು. ಹೊರಗೆ ಗಂಡನ ಕೆಮ್ಮು ಕೇಳಿ ಹೆಂಗಸೊಬ್ಬಳು ತುಟಿಗಿಡುವ ಮೊದಲೇ ಕೆಳಗಿಟ್ಟು ಎದ್ದುಹೋದ ಚಾ. ಬೇರೆ ಯಾರೇ ನೋಡಿದರೂ ಯಾರೂ ಬಂದಿಲ್ಲವೆನ್ನುತ್ತಿದ್ದರು. ಪ್ರತಿವರ್ಷ ಎಲೆ ಪರೀಕ್ಷಿಸುವ ಅಧ್ಯಾಪಕನೂ ಹಾಗೆಯೇ ಅನ್ನುತ್ತಿದ್ದ. ಆದರೆ ನಾಲ್ಕು ದಶಕ ಆ ಲೋಟವನ್ನು ಕಂಡವನಿಗೆ ಅದಕ್ಕಿಂತ ಸ್ಪಷ್ಟವಾದ ಗುರುತು ಇನ್ನೇನು ಬೇಕು? ಅತ್ತಿಗೆ ತಮ್ಮಷ್ಟಕ್ಕೆ ಎಂಬಂತೆ, "ಬಂದು ಹೋದ್ಳು" ಎಂದರು. ಹೌದು ಎಂದೆ. ಆ ಮಾತನ್ನು ನಾನು ಒಪ್ಪಿದ್ದು ಅದೇ ಮೊದಲು. ಬಂದದ್ದನ್ನು ಒಪ್ಪಿದ ಮೇಲೆ ಹೋದದ್ದನ್ನೂ ಒಪ್ಪಬೇಕಾಗುತ್ತದೆ ಎಂಬುದು ಫೋನು ಆರಿದ ಮೇಲೆ ಹೊಳೆಯಿತು.

ಇಗರ್ಜಿಯ ಒಳಗೆ ತಂಪಾಗಿತ್ತು, ನಸುಗತ್ತಲಿತ್ತು. ತಲೆಯ ಮೇಲೆ ಗುಮ್ಮಟ ಬಹಳ ಎತ್ತರಕ್ಕೆ ಏರಿ, ನೀಲಿಯಾಗಿ ಮುಗಿದಿತ್ತು. ನೂರಾರು ಜನ ಕೂರಬಹುದಾದ ಬೆಂಚುಗಳಲ್ಲಿ ನಾವು ಇಬ್ಬರೇ. ಆ ವೃದ್ಧೆ ಮುಂದಿನ ಸಾಲಿನಲ್ಲಿ ನೀರಿನ ಕ್ಯಾನನ್ನು ಕಾಲಬಳಿ ಇಟ್ಟುಕೊಂಡು ಕುಳಿತಳು. ನಾನು, ಹಿಂದಿನ ಬೆಂಚನ್ನು ಬೇರೆಯವರಿಗೆ ಬಿಟ್ಟುಕೊಡದ ವಿದ್ಯಾರ್ಥಿಗಳನ್ನು ಜೀವಮಾನವಿಡೀ ಗದರಿದವನು, ಎಲ್ಲಕ್ಕಿಂತ ಹಿಂದಿನ ಬೆಂಚಿನಲ್ಲಿ ಕುಳಿತೆ. ಮಿಠಾಯಿಯ ಕಾಗದ ಬಿಚ್ಚಿದ ಸದ್ದು ಇಡೀ ಗುಮ್ಮಟಕ್ಕೆ ಕೇಳಿಸಿ ನಾಚಿಕೆಯಾಯಿತು. ಅದನ್ನು ಬಾಯಿಗೆ ಹಾಕಿಕೊಂಡು ಅತ್ತೆ. ಜಲಜಾಕ್ಷಿ ತೀರಿಕೊಂಡ ಮೇಲೆ ಅಷ್ಟು ನಿರಾಳವಾಗಿ ಅತ್ತದ್ದು ಅಲ್ಲಿಯೇ. ನನ್ನನ್ನು ಬಲ್ಲವರು ಯಾರೂ ಇಲ್ಲದ ಊರು ಅಳುವುದಕ್ಕೆ ಬಹಳ ಅನುಕೂಲ. ಸ್ವಲ್ಪ ಹೊತ್ತಿಗೆ ಆಕೆ ಎದ್ದು, ನನ್ನ ಪಕ್ಕದಿಂದ ಹಾದು, ನನ್ನತ್ತ ನೋಡದೆ ಹೊರಗೆ ಹೋದಳು. ನೋಡದೇ ಹೋದದ್ದು ದೊಡ್ಡ ಸೌಜನ್ಯ.

ಹೋಟೆಲಿಗೆ ಮರಳಿದಾಗ ಹಮೀದ್ ಬಾಗಿಲಲ್ಲೇ ಕಾಯುತ್ತಿದ್ದ. ನನ್ನ ಮುಖ ನೋಡಿ, ಜಲಜಾಕ್ಷಿಯನ್ನು ಅವನು ಕರೆಯುತ್ತಿದ್ದಂತೆ 'ಅಕ್ಕ' ಎಂದು ಏನನ್ನೋ ಹೇಳಹೊರಟವನು, ಯಾಕೋ ನುಂಗಿಕೊಂಡು, ನನ್ನದೇ ಕೆಮ್ಮನ್ನು ಒಮ್ಮೆ ಕೆಮ್ಮಿದ. ನಾನು ನಕ್ಕೆ. ಅವನ ಹಿಂದಿನಿಂದ ಯಶೋದಕ್ಕನ ಸ್ವರ ಬಂತು: "ಮೀಯ್ಲಿಲ್ಲ ಅಲ್ವಾ ಇನ್ನೂ? ಹೋಗಿ ಹೋಗಿ, ಊಟಕ್ಕೆ ಹೊತ್ತಾಯ್ತು." ನಾನು ತಲೆಗೇ ಮಿಂದೆ.

ಊರಿಗೆ ಬಂದು ಈಗ ಕೆಲವು ವಾರಗಳಾದವು. ಸಂಜೆ ಪೇಟೆಗೆ ಹೋಗುತ್ತೇನೆ, ಒಬ್ಬನಿಗೆ ಸಾಕಾಗುವಷ್ಟು ತರಕಾರಿ ತರುತ್ತೇನೆ, ಮೆಟ್ಟಿಲೇರುತ್ತೇನೆ. ಮನೆಯೊಳಗೆ ಯಾರೂ ಇಲ್ಲವೆಂಬುದು ಈಗಲೂ ನನಗೇ ಚೆನ್ನಾಗಿ ಗೊತ್ತು. ಆದರೆ ಬಾಗಿಲ ಮುಂದೆ ಬಂದವನು ಕೂಡಲೇ ಕೆಮ್ಮುವುದಿಲ್ಲ. ಚೀಲವನ್ನು ಬದಿಗಿಟ್ಟು, ಸದ್ದಾಗದಂತೆ, ಜಗಲಿಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತೇನೆ. ಪಕ್ಕದ ಮನೆಯ ಹೆಂಗಸು, ಕೆಮ್ಮು ವಾಸಿಯಾಗಿ ಈಗ ಕಾಲುನೋವು ಶುರುವಾಗಿರಬೇಕೆಂದು, ಯಾವುದೋ ಎಣ್ಣೆ ತಂದುಕೊಟ್ಟಿದ್ದಾರೆ. ಇರಲಿ. ಒಳಗೆ ಜಲಜಾಕ್ಷಿ ಬಿಸಿಯಿರುವಾಗಲೇ ಚಾ ಕುಡಿದು ಮುಗಿಸಲಿ. ಆಮೇಲೆ ಎದ್ದು ಒಮ್ಮೆ ಕೆಮ್ಮುತ್ತೇನೆ, ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.